ಅಜ್ಜಿಗೂ ಬೋರ್ಡು ಓದಲು ಬರಲಿ

"ಈ ಬಸ್ಸು ಎಲ್ಲಿಗ್ ಹೋಗತ್ತಪ್ಪಾ?" ಎಂದು ನಿಲ್ದಾಣದಲ್ಲಿ ಕಂಡಕಂಡವರನ್ನು ಕೇಳುವ ಅಜ್ಜಿಯರನ್ನು ದಿನಾ ನೋಡುತ್ತೇವೆ. "ಈ ವಯಸ್ಸಲ್ಲಿ ಇವರಿಗೆ ಅಕ್ಷರ ಯಾಕ್ರೀ?" ಎನ್ನುವವರೂ ಅಲ್ಲೇ ಸಿಗುತ್ತಾರೆ.

ಸರಕಾರವೂ ಬಹುಕಾಲ ಹಾಗೇ ಎಣಿಸಿತ್ತು. 1978ರ ವಯಸ್ಕರ ಶಿಕ್ಷಣ ಕಾರ್ಯಕ್ರಮದ ಗುರಿ 15ರಿಂದ 35 ವರ್ಷದವರು. 1988ರ ಸಾಕ್ಷರತಾ ಮಿಷನ್ನಿಗೂ ಅದೇ ಗೆರೆ. ಮೂವತ್ತಾರಕ್ಕೆ ತಲೆಗೆ ಬೀಗ ಬೀಳುತ್ತದೆಯೇ? ಕೇರಳದ ಕಾರ್ತ್ಯಾಯಿನಿ ಅಮ್ಮ 2018ರಲ್ಲಿ, 96ನೇ ವಯಸ್ಸಿನಲ್ಲಿ, ಸಾಕ್ಷರತಾ ಪರೀಕ್ಷೆ ಬರೆದು ನೂರಕ್ಕೆ 98 ಅಂಕ ತೆಗೆದರು!

ಇದು ಬರೀ ಬೋರ್ಡಿನ ಮಾತೂ ಅಲ್ಲ. 60 ದಾಟಿದ ಭಾರತೀಯರಲ್ಲಿ ನೂರಕ್ಕೆ 7.4 ಮಂದಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜು ಮಾಡಿತು. ಓದಿಲ್ಲದವರಲ್ಲಿ ಅದು ಹೆಚ್ಚು. ಎಪ್ಪತ್ತರಲ್ಲಿ ಅ-ಆ ಕಲಿತರೆ ಮರೆವು ಬರುವುದೇ ಇಲ್ಲ ಎಂದು ನಾವೇನೂ ಹೇಳುತ್ತಿಲ್ಲ. ಆದರೆ ಔಷಧಿ ಚೀಟಿ, ಪಿಂಚಣಿ ಪಾಸ್‌ಬುಕ್ಕು ಓದಲು ಬಂದರೆ ಅದೇನು ಕಡಿಮೆಯೇ?

ನಮ್ಮ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲೇ ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರದವರು 2018ರಲ್ಲಿ ಇಂಥದೇ ದೀರ್ಘ ಅಧ್ಯಯನ ಶುರು ಮಾಡಿದರು. 45 ದಾಟಿದವರ ನೆನಪಿನ ಶಕ್ತಿ, ರಕ್ತ ಎಲ್ಲದರ ಪರೀಕ್ಷೆ. ವಿಜ್ಞಾನಕ್ಕೆ ರಕ್ತ ಕೊಟ್ಟ ಹಿರಿಯರಿಗೆ ನಾವೊಂದು ಸ್ಲೇಟು ಕೊಡಬಾರದೇ?

2009ರ ಸಾಕ್ಷರ ಭಾರತ ಕಾರ್ಯಕ್ರಮ 35ರ ಗೆರೆ ಅಳಿಸಿತು. ಗೆರೆ ಅಳಿಸಿದರಷ್ಟೇ ಸಾಲದು ಸ್ವಾಮೀ. ಸಂಜೆ ತರಗತಿ ಇಟ್ಟರೆ ಹಾಲು ಕರೆಯುವವರು ಯಾರು? ಮಧ್ಯಾಹ್ನ ಊಟವಾದ ಮೇಲೆ, ಊರ ದೇವಸ್ಥಾನದ ಜಗುಲಿಯಲ್ಲಿ ನಡೆಸಲಿ. ದಪ್ಪಕ್ಷರದ ಪುಸ್ತಕ ಕೊಡಲಿ. ಅದಕ್ಕೂ ಮೊದಲು ಕಣ್ಣು ಪರೀಕ್ಷೆ ಮಾಡಿಸಿ, ಬೇಕಾದವರಿಗೆ ಒಂದು ಕನ್ನಡಕ.