ಕ್ಲೌಡ್ ಸೇರುವ ಮುನ್ನ ಹೊರಬರುವ ದಾರಿ ನೋಡಿ

2025ರ ಅಕ್ಟೋಬರ್ 20ರಂದು ಅಮೆರಿಕದ ಉತ್ತರ ವರ್ಜೀನಿಯಾದ ಅಮೆಜಾನ್ ಕ್ಲೌಡ್ ಕೇಂದ್ರಗಳಲ್ಲಿ ದೋಷ ಕಾಣಿಸಿಕೊಂಡು, ಜಗತ್ತಿನ ಹಲವೆಡೆ ಆ್ಯಪ್‌ಗಳು ಗಂಟೆಗಟ್ಟಲೆ ನಿಂತುಹೋದವು. ಡೈನಮೊಡಿಬಿ ಎಂಬ ಡೇಟಾಬೇಸ್ ಸೇವೆಯ ಡಿಎನ್‌ಎಸ್ ದಾಖಲೆ ಖಾಲಿಯಾಗಿದ್ದೇ ಇದಕ್ಕೆ ಮೂಲ. ದತ್ತಾಂಶ ಇತ್ತು, ಅದನ್ನು ತಲುಪುವ ವಿಳಾಸ ಇರಲಿಲ್ಲ.

ಹೈದರಾಬಾದಿನಲ್ಲಿ ಜಾವಾ ಕೆಲಸ ಮಾಡುವ ನನ್ನಂಥವರ ಮುಂದೆ ಈಗ ಹಳೆಯ ಪ್ರಶ್ನೆಯೊಂದು ಮತ್ತೆ ಬಂದಿದೆ. ಕ್ಲೌಡ್‌ನಲ್ಲಿರುವ ಆ್ಯಪ್‌ನ ದತ್ತಾಂಶವನ್ನು ಯಾವ ಫ್ರೇಮ್‌ವರ್ಕ್ ಮೂಲಕ ಉಳಿಸಬೇಕು?

ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, 2006ರಲ್ಲಿ ಬಂದ ಜೆಪಿಎ ಮಾನದಂಡ. ಹೈಬರ್ನೇಟ್ ಅದನ್ನು ಪಾಲಿಸುವುದರಿಂದ ಪೋಸ್ಟ್‌ಗ್ರೆಸ್, ಮೈಎಸ್‌ಕ್ಯುಎಲ್, ಒರಾಕಲ್ ಯಾವುದಿದ್ದರೂ ಕೋಡ್ ಬಹುಪಾಲು ಹಾಗೇ ಉಳಿಯುತ್ತದೆ. ಇನ್ನೊಂದು, ಕ್ಲೌಡ್ ಕಂಪನಿಯೇ ಕೊಡುವ ಡೇಟಾಬೇಸ್ ಮತ್ತು ಅದರ ಲೈಬ್ರರಿ. ಸರ್ವರ್ ನೋಡಿಕೊಳ್ಳುವ ತಲೆನೋವಿಲ್ಲ. ಆದರೆ ಕೋಡ್ ಜತೆಗೆ ದತ್ತಾಂಶದ ರೂಪವೂ ಆ ಕಂಪನಿಗೆ ಅಂಟಿಕೊಳ್ಳುತ್ತದೆ.

ಹಾಗಾದರೆ ಜೆಪಿಎ ಹಿಡಿದರೆ ಸಾಕೇ? ಸಾಲದು. 2009ರಲ್ಲಿ ಗೂಗಲ್ ಆ್ಯಪ್ ಎಂಜಿನ್ ಜಾವಾಗೆ ತೆರೆದುಕೊಂಡಾಗ ಜೆಪಿಎಯನ್ನೂ ಕೊಟ್ಟಿತ್ತು. ಆದರೆ ಕೆಳಗಿದ್ದ ಡೇಟಾಸ್ಟೋರ್‌ನಲ್ಲಿ ಟೇಬಲ್‌ಗಳನ್ನು ಬೆಸೆಯುವ 'ಜಾಯಿನ್' ಇರಲಿಲ್ಲ. ಹಲವರು ಡೇಟಾಸ್ಟೋರ್‌ಗೆಂದೇ ಬರೆದ ಆಬ್ಜೆಕ್ಟಿಫೈ ಕಡೆಗೆ ಹೊರಳಿದರು. ಮೇಲಿನ ಭಾಷೆ ಒಂದೇ ಆದರೂ ಕೆಳಗಿನ ಗೋದಾಮು ಬೇರೆಯಾದರೆ ವ್ಯವಹಾರವೂ ಬೇರೆಯೇ.

ಆದ್ದರಿಂದ ಮೊದಲು ದತ್ತಾಂಶದ ಸ್ವಭಾವ ನೋಡಬೇಕು. ಗ್ರಾಹಕ, ಆರ್ಡರ್, ಪಾವತಿ ಹೀಗೆ ಒಂದಕ್ಕೊಂದು ಹೆಣೆದುಕೊಂಡ ಲೆಕ್ಕಕ್ಕೆ ಪೋಸ್ಟ್‌ಗ್ರೆಸ್ ಮತ್ತು ಜೆಪಿಎ ಒಳ್ಳೆಯ ಜೋಡಿ. ಲಾಗಿನ್ ಸೆಷನ್, ಶಾಪಿಂಗ್ ಕಾರ್ಟ್‌ನಂತಹ ಅಲ್ಪಾಯುಷಿ ದತ್ತಾಂಶಕ್ಕೆ ಡೈನಮೊಡಿಬಿ ಸಾಕು. ಕಳೆದುಹೋದರೂ ಕಂಪನಿ ಮುಳುಗುವುದಿಲ್ಲ.

ಕಾನೂನೂ ಇದನ್ನು ಬಿಗಿಗೊಳಿಸಿದೆ. ಪಾವತಿ ದತ್ತಾಂಶ ಭಾರತದಲ್ಲೇ ಇರಬೇಕೆಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಆದೇಶಿಸಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ತನ್ನ ಮಾಹಿತಿ ಅಳಿಸುವಂತೆ ಕೇಳುವ ಹಕ್ಕನ್ನು ವ್ಯಕ್ತಿಗೆ ಕೊಟ್ಟಿದೆ. ಎಲ್ಲಿ ಏನಿದೆಯೆಂದು ಗೊತ್ತಿಲ್ಲದವರು ಅಳಿಸುವುದು ಹೇಗೆ?

ಯಾವ ಫ್ರೇಮ್‌ವರ್ಕೂ ವಿದ್ಯುತ್ ಹೋದ ಕೇಂದ್ರವನ್ನು ಎಬ್ಬಿಸದು. ಅದಕ್ಕೆ ಇನ್ನೊಂದು ಕೇಂದ್ರದಲ್ಲಿ ಪ್ರತಿ ಇರಬೇಕು. ಅಮೆಜಾನ್‌ಗೆ ಮುಂಬೈ, ಹೈದರಾಬಾದ್ ಎರಡೂ ಕಡೆ ಕೇಂದ್ರಗಳಿವೆ. ಆದರೆ ಕಂಪನಿಯನ್ನೇ ಬದಲಿಸಬೇಕಾದ ದಿನ ಫ್ರೇಮ್‌ವರ್ಕ್ ಆಯ್ಕೆಯ ಬೆಲೆ ತಿಳಿಯುತ್ತದೆ. ಪರವೂರಿನಲ್ಲಿ ಬಾಡಿಗೆ ಮನೆ ಹಿಡಿಯುವಾಗ ಬಿಡುವ ಷರತ್ತನ್ನೂ ಓದುತ್ತೇವಲ್ಲ? ಇಲ್ಲೂ ಅಷ್ಟೆ. ಸಹಿ ಹಾಕುವ ಮುನ್ನ ಬ್ಯಾಕಪ್ ತೆಗೆದು, ಬೇರೆಡೆ ಏರಿಸಿ, ಎಷ್ಟು ದಿನ ಹಿಡಿಯಿತೆಂದು ಬರೆದಿಡಿ.