ಸೊಪ್ಪಿಗೆ ಕುಮ್ಕಿ ಉಂಟು, ನೀರಿಗೆ?

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ)

ನೀರು ಎಲ್ಲರ ಸ್ವತ್ತು ಎಂಬ ಮಾತು ಸಭೆಯಲ್ಲಿ ಹೇಳುವುದಕ್ಕೆ ಚೆನ್ನ. ಆದರೆ ಗುಡ್ಡದ ಮೇಲೆ ಒಬ್ಬನು ಕಲ್ಲು ಕಡಿದುದರಿಂದ ಕೆಳಗಿನವನ ಬಾವಿ ಬತ್ತಿದರೆ, ಆ ನೀರು ಯಾರದಾಗಿತ್ತು, ಬದಲು ನೀರು ಕೊಡಬೇಕಾದವರು ಯಾರು? ಸುಳ್ಯ, ಪುತ್ತೂರು, ಕಡಬ ಸೀಮೆಯಿಂದ ಬಂದ ನಮಗೆ ಇದು ಬರಿಯ ಪರೀಕ್ಷೆಯ ಪ್ರಶ್ನೆಯಲ್ಲ.

ನನ್ನ ಊರು ಮಂಡೆಕೋಲು, ಸುಳ್ಯ ತಾಲೂಕಿನ ಗಡಿಗ್ರಾಮ. ಆಚೆಗೆ ಕಾಸರಗೋಡು ಜಿಲ್ಲೆ. ನಮ್ಮ ಸೀಮೆಯ ಪಯಸ್ವಿನಿಯು ಕೇರಳಕ್ಕೆ ಹೋಗಿ ಚಂದ್ರಗಿರಿಯೆನಿಸಿ ಕಡಲು ಸೇರುತ್ತದೆ. ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಈ ನಾಡಿನಲ್ಲಿ ಮಾರ್ಚ್ ಬಂತೆಂದರೆ ನೀರಿನ ಚಿಂತೆ. ಬೇಸಗೆಯಲ್ಲಿ ನಮ್ಮನ್ನು ಸಾಕುವುದು ಗುಡ್ಡ. ತೂತುತೂತಾದ ಮುರಕಲ್ಲು ಮಳೆನೀರನ್ನು ಹೀರಿ ಕೆಳಕ್ಕೆ ಬಿಡುತ್ತದೆ. ಅದರಡಿಯ ಜೇಡಿಮಣ್ಣು ನೀರನ್ನು ತಡೆಯುತ್ತದೆ. ತಡೆದ ನೀರು ಗುಡ್ಡದ ಪಕ್ಕೆಯಲ್ಲಿ ಒಸರಾಗಿ ಹೊರಬರುತ್ತದೆ. ಈ ಮರ್ಮವನ್ನು ಅರಿತ ಹಿರಿಯರು ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು, ಪಂಪಿಲ್ಲದೆ, ಖರ್ಚಿಲ್ಲದೆ, ನೀರನ್ನು ಅಂಗಳಕ್ಕೆ ಇಳಿಸಿಕೊಂಡರು. ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಹಲವು ಸುರಂಗಗಳನ್ನು ತೋಡಿ ಬೋಳುಗುಡ್ಡದಲ್ಲಿ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು.

ನೀರು ಕಾಯುವ ಕಲ್ಲೇ ಮನೆ ಕಟ್ಟುವ ಕಲ್ಲೂ ಆಗಿರುವುದು ನಮ್ಮ ಸಂಕಟ. ಕಲ್ಲುಕೋರೆಯನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ನಮ್ಮ ಮನೆಯ ಗೋಡೆ ಮುರಕಲ್ಲಿನದೇ. ನೆರೆಕರೆಯ ಎಷ್ಟೋ ಸಂಸಾರಗಳ ಅನ್ನವೂ ಕೋರೆಯದೇ. ಆದರೆ ಪಿಕ್ಕಾಸಿಯಲ್ಲಿ ಕಡಿಯುತ್ತಿದ್ದ ಕಾಲ ಬೇರೆ, ಯಂತ್ರದಿಂದ ಕತ್ತರಿಸುವ ಕಾಲ ಬೇರೆ. ಗುಡ್ಡದ ನೆತ್ತಿಯನ್ನೇ ಇಳಿಸಿದ ಮೇಲೆ ನೀರು ಇಂಗುವುದಾದರೂ ಎಲ್ಲಿ?

ಇನ್ನು ಕಾನೂನು. ಗೊತ್ತಾದ ಕಾಲುವೆಯಲ್ಲಿ ಹರಿಯದ ನೆಲದಡಿಯ ನೀರನ್ನು ತನ್ನ ಎಲ್ಲೆಯೊಳಗೆ ಕೂಡಿಸಿಕೊಳ್ಳಲು, ವಿಲೇವಾರಿ ಮಾಡಲು ಭೂಮಿಯ ಒಡೆಯನಿಗೆ ಹಕ್ಕುಂಟೆಂದು 1882ರ ಈಸ್‌ಮೆಂಟ್ಸ್ ಕಾಯಿದೆಯ 7ನೆಯ ಕಲಮು ಹೇಳುತ್ತದೆ. ಎಷ್ಟು ಕಾಲ ಬಳಸಿದರೂ ಅಂಥ ನೀರಿನ ಮೇಲೆ ಬಳಕೆಯಿಂದ ಹಕ್ಕು ಹುಟ್ಟದೆಂದು 17ನೆಯ ಕಲಮು ಹೇಳುತ್ತದೆ. ಎಂದರೆ, ಅಜ್ಜನ ಕಾಲದಿಂದ ಕುಡಿದ ಒಸರು ನಿಂತುಹೋದರೂ ಮೇಲಿನವನನ್ನು ಕೇಳುವುದು ಕಷ್ಟ. ಶುದ್ಧ ನೀರು ಬದುಕುವ ಹಕ್ಕಿನೊಳಗೆ ಸೇರಿದುದೆಂದು ಸುಪ್ರೀಂ ಕೋರ್ಟು 1991ರಲ್ಲಿ ಸುಭಾಷ್ ಕುಮಾರ್ ಮೊಕದ್ದಮೆಯಲ್ಲಿ ಹೇಳಿತು, ನಿಜ. ಆದರೆ ಎರಡೆಕರೆ ಅಡಿಕೆಯವನು ದಿಲ್ಲಿಯ ಮೆಟ್ಟಿಲು ಹತ್ತುವನೇ?

ಬಾವಿ ಬತ್ತಿದಾಗ ಟ್ಯಾಂಕರು ಕಳುಹಿಸಿದರಾಯಿತು, ಕೊಳವೆಬಾವಿ ತೆಗೆಸಿದರಾಯಿತು ಎನ್ನುವವರುಂಟು. ಟ್ಯಾಂಕರಿನ ಉಪಕಾರ ಮೊದಲ ಮಳೆಯ ತನಕ. ಕೊಳವೆಬಾವಿಗೆ ಕರೆಂಟು ಬೇಕು, ರಿಪೇರಿ ಬೇಕು. ನಲ್ಲಿ ಬಂದಿದೆಯಲ್ಲ ಎಂದರೆ, 2019ರಲ್ಲಿ ಆರಂಭವಾದ ಜಲಜೀವನ ಮಿಷನ್ನಿನ ಗುರಿ ತಲೆಗೆ ದಿನಕ್ಕೆ 55 ಲೀಟರು. ತೋಟಕ್ಕೆ ಅದು ಸಾಲದು. ಕೋರೆಯವನ ಸಾಲವನ್ನು ಸರಕಾರದ ಹಣದಿಂದ ತೀರಿಸುವುದು ನ್ಯಾಯವೂ ಅಲ್ಲ. ಅಲ್ಲದೆ ಬದಲು ನೀರು ಗಣಿಗಿಂತ ಹೆಚ್ಚು ಕಾಲ ಬಾಳಬೇಕು. ಕೋಲಾರದ ಚಿನ್ನದ ಗಣಿಗೆ ಪಾಲಾರಿನ ಬೇತಮಂಗಲದಿಂದ ನೀರು ತಂದರು. 2001ರಲ್ಲಿ ಗಣಿ ಮುಚ್ಚಿತು. ಊರು ಮುಚ್ಚಲಿಲ್ಲ, ಬಾಯಾರಿಕೆಯೂ ಮುಚ್ಚಲಿಲ್ಲ.

ಅಮೆರಿಕವು 1977ರ ಕಾಯಿದೆಯೊಂದರಲ್ಲಿ, ಮೇಲ್ಮೈ ಕಲ್ಲಿದ್ದಲ ಗಣಿಯಿಂದ ಒಬ್ಬನ ನೀರು ಕೆಟ್ಟರೆ, ಕುಗ್ಗಿದರೆ, ನಿಂತರೆ, ಗಣಿಯವನೇ ಬದಲು ನೀರು ಒದಗಿಸಬೇಕೆಂದು ವಿಧಿಸಿತು. ಅಷ್ಟು ದೂರ ಹೋಗುವುದೇಕೆ? ಇಂಥ ನ್ಯಾಯದ ಬೀಜ ನಮ್ಮ ಜಿಲ್ಲೆಯಲ್ಲೇ ಉಂಟು. ವರ್ಗ ಜಮೀನಿನಿಂದ 100 ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ತರಗೆಲೆ ತರುವ ಸವಲತ್ತೇ ಕುಮ್ಕಿ. 1964ರ ಭೂಕಂದಾಯ ಕಾಯಿದೆಯೂ ಅದನ್ನು ಉಳಿಸಿಕೊಂಡಿತು. ತೋಟವು ತನ್ನ ಎಲ್ಲೆಯೊಳಗೇ ಬದುಕಲಾರದೆಂಬ ಸತ್ಯವನ್ನು ಕುಮ್ಕಿ ಒಪ್ಪಿದೆ. ಸೊಪ್ಪಿನ ವಿಷಯದಲ್ಲಿ ಒಪ್ಪಿದ್ದನ್ನು ನೀರಿನ ವಿಷಯದಲ್ಲೇಕೆ ಒಪ್ಪಬಾರದು? ನೀರು ಗಜಕೋಲಿಗೆ ಬಗ್ಗದು. ಆದುದರಿಂದ ಅದರ ಎಲ್ಲೆಯನ್ನು ಗುಡ್ಡ ಗುಡ್ಡಕ್ಕೂ ಭೂಗರ್ಭ ಬಲ್ಲವರು ಗೊತ್ತುಮಾಡಲಿ.

ನನ್ನ ಸೂಚನೆ ಇಷ್ಟೆ. ಕೋರೆಗೆ ಅಪ್ಪಣೆ ಕೊಡುವ ಮುನ್ನ ಸುತ್ತಲಿನ ಬಾವಿ, ಸುರಂಗ, ಮದಕಗಳ ನೀರನ್ನು ಫೆಬ್ರವರಿಯಲ್ಲೊಮ್ಮೆ, ಮೇ ತಿಂಗಳಲ್ಲೊಮ್ಮೆ ಅಳೆದು ಪಂಚಾಯತಿಯ ಪುಸ್ತಕದಲ್ಲಿ ಬರೆಯಬೇಕು. ನೀರು ಬತ್ತಲು ಕೊಳವೆಬಾವಿಗಳೂ ಕಾರಣವಾಗಬಹುದು. ಮೊದಲ ಅಳತೆ ಇಲ್ಲದಿದ್ದರೆ ಇಬ್ಬರಿಗೂ ಅನ್ಯಾಯ. ಅಳತೆ ಇದ್ದೂ ನೀರು ಕುಗ್ಗಿದರೆ, ತಾನು ಕಾರಣನಲ್ಲವೆಂದು ತೋರಿಸುವ ಭಾರ ಕೋರೆಯವನದಾಗಲಿ. ಬದಲು ನೀರು ಮೊದಲಿನಷ್ಟೇ ಇರಬೇಕು, ಮೊದಲಿನಂತೆ ಶುದ್ಧವಿರಬೇಕು, ಪಂಪಿನ ಖರ್ಚು ಬಂದರೆ ಅದು ಅವನ ಠೇವಣಿಯಿಂದ ಸಲ್ಲಬೇಕು. ಕೋರೆ ಮುಚ್ಚಿದ ಮೇಲೂ ಆ ಠೇವಣಿ ಪಂಚಾಯತಿಯಲ್ಲೇ ಉಳಿಯಬೇಕು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ನಮಗೆ ಅನ್ವಯಿಸದಿರಲಿ. ಕಾಯಿದೆ ತಿದ್ದುವುದು ನಮ್ಮ ಕೈಯಲ್ಲಿಲ್ಲ. ಬಾವಿ ಅಳೆಯಲು ಒಂದು ಹಗ್ಗ, ಒಂದು ಪುಸ್ತಕ ಸಾಕು. ನನ್ನ ಮನೆಯಿಂದ ಕಾಲೇಜಿಗೆ ಬಂದ ಮೊದಲಿಗ ನಾನು. ಓದಿ ಏನು ಬಂತು ಎಂದು ಊರವರು ಕೇಳುವುದು ಸಹಜ. ಸಹಪಾಠಿ ಮಿತ್ರರೇ, ಈ ರಜೆಯಲ್ಲಿ ನಮ್ಮ ನಮ್ಮ ಊರಿನ ನೀರಿನ ಲೆಕ್ಕ ಬರೆದಿಡೋಣ. ಪೂಜ್ಯ ಅಧ್ಯಾಪಕರು ದಾರಿ ತೋರಲಿ.