ನೀರು ತಿಳಿಯಾಯಿತು, ಕೆಸರು?

ಹಡಗಿನಿಂದ ತೈಲ ಸೋರಿದಾಗಲೆಲ್ಲ ನಮ್ಮ ಕಣ್ಣು ನೀರಿನ ಮೇಲೆಯೇ ಇರುತ್ತದೆ. ಕಪ್ಪು ಪೊರೆ ಚದುರಿತು, ಮರಳಿನ ಮೇಲಿನ ಜಿಡ್ಡನ್ನು ಬಳಿದು ಸಾಗಿಸಿದರು, ದೋಣಿಗಳು ಮತ್ತೆ ಕಡಲಿಗಿಳಿದವು ಎಂದರೆ ಕಡತಕ್ಕೆ ಮುಕ್ತಾಯ. ಆದರೆ ತೈಲದ ಆಯುಷ್ಯ ತಿಳಿಯಬೇಕಾದರೆ ಕೆಸರನ್ನು ಅಗೆದೇ ನೋಡಬೇಕು.

1969ರ ಸೆಪ್ಟೆಂಬರ್ 16ರಂದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವೆಸ್ಟ್ ಫಾಲ್ಮತ್ ಬಳಿ ‘ಫ್ಲಾರಿಡಾ’ ಎಂಬ ಬಾರ್ಜ್ ಬಂಡೆಗೆ ತಾಗಿ ಸುಮಾರು 7 ಲಕ್ಷ ಲೀಟರ್ ಇಂಧನ ತೈಲ ಚೆಲ್ಲಿತು. ಡೀಸೆಲ್ಲನ್ನು ಹೋಲುವ ತೆಳು ತೈಲ ಅದು. ಗಾಳಿ ಅದನ್ನು ವೈಲ್ಡ್ ಹಾರ್ಬರ್ ಎಂಬ ಉಪ್ಪುನೀರಿನ ಜೌಗಿಗೆ ತಳ್ಳಿತು. ಪಕ್ಕದಲ್ಲೇ ವುಡ್ಸ್ ಹೋಲ್ ಸಾಗರ ವಿಜ್ಞಾನ ಸಂಸ್ಥೆ ಇದ್ದುದರಿಂದ ವಿಜ್ಞಾನಿಗಳ ತಲೆಮಾರುಗಳು ಅದೇ ಜೌಗಿಗೆ ಮತ್ತೆ ಮತ್ತೆ ಹೋದವು. 2000ನೇ ಇಸವಿಯಲ್ಲಿ ಕೊಳವೆ ಇಳಿಸಿ ಮಣ್ಣು ತೆಗೆದಾಗ ಅರ್ಧ ಗೇಣು ಕೆಳಗೆ ತೈಲ ಇನ್ನೂ ಇತ್ತು. ಪ್ರಮಾಣವೂ ಸೋರಿಕೆಯಾದ ಹೊಸತರಲ್ಲಿ ಕಂಡಿದ್ದಕ್ಕೆ ಹತ್ತಿರದ್ದೇ. ಮೇಲೆ ಹುಲ್ಲು ಹಸಿರಾಗಿತ್ತು. ನಡುವೆ 31 ವರ್ಷ ಕಳೆದಿದ್ದವು.

ಆ ಜೌಗಿನಲ್ಲಿ, ಗಂಡಿಗೆ ಒಂದು ಕೈ ಮಾತ್ರ ದೊಡ್ಡದಾಗಿರುವ ಜಾತಿಯ ಪುಟ್ಟ ಏಡಿಗಳಿವೆ. ಶುದ್ಧ ಮಣ್ಣಿನಲ್ಲಿ ಅವು ನೇರ ಕೆಳಗೆ ಬಿಲ ತೋಡುತ್ತವೆ. ತೈಲ ಕೂತ ಜಾಗದಲ್ಲಿ ಮಾತ್ರ, ಆ ಪದರ ಸಿಕ್ಕಿದ ಕಡೆ ಅಗೆತ ನಿಲ್ಲಿಸುತ್ತಿದ್ದವು, ಇಲ್ಲವೇ ಬಿಲವನ್ನು ಅಡ್ಡಕ್ಕೆ ತಿರುಗಿಸುತ್ತಿದ್ದವು. ತೈಲ ಚೆಲ್ಲಿದ ದಿನವನ್ನು ಕಾಣದ ಎಷ್ಟೋ ಪೀಳಿಗೆಗಳ ಆಚೆಯ ಏಡಿಗಳು ಅದರಿಂದ ದಶಕಗಳ ನಂತರವೂ ತಪ್ಪಿಸಿಕೊಳ್ಳುತ್ತಿದ್ದವು.

ತೈಲ ಹೀಗೆ ಉಳಿಯಲು ಕಾರಣ ಸರಳ. ತೈಲವನ್ನು ತಿಂದು ಮುಗಿಸುವ ಬ್ಯಾಕ್ಟೀರಿಯಾಗಳು ಚುರುಕಾಗಿ ಕೆಲಸ ಮಾಡಲು ಆಮ್ಲಜನಕ ಬೇಕು. ಜೌಗಿನ ನುಣುಪು ಕೆಸರಿನಲ್ಲಿ ಮೇಲ್ಪದರ ದಾಟಿದರೆ ಅದು ಸಿಗುವುದಿಲ್ಲ. ಬಿಸಿಲು ತಾಗದು, ಅಲೆ ತೊಳೆಯದು. ನೇರ ಸರಪಳಿಯ ಹೈಡ್ರೋಕಾರ್ಬನ್‌ಗಳು ಮೊದಲು ಒಡೆದುಹೋಗುತ್ತವೆ. ಹಲವು ಉಂಗುರಗಳ ಅರೋಮ್ಯಾಟಿಕ್ ಸಂಯುಕ್ತಗಳು ಜೇಡಿಗೆ ಅಂಟಿಕೊಂಡು ದಶಕಗಟ್ಟಲೆ ಉಳಿಯುತ್ತವೆ. ಕ್ಯಾನ್ಸರ್ ತರಬಲ್ಲವೂ ಈ ಗುಂಪಿನಲ್ಲಿವೆ.

ಅಲಾಸ್ಕದಲ್ಲೂ ಇದೇ ಕಥೆ. 1989ರ ಮಾರ್ಚ್ 24ರಂದು ‘ಎಕ್ಸಾನ್ ವಾಲ್ಡೀಸ್’ ಹಡಗು ಪ್ರಿನ್ಸ್ ವಿಲಿಯಂ ಸೌಂಡ್‌ನಲ್ಲಿ ಸುಮಾರು 4 ಕೋಟಿ ಲೀಟರ್ ಕಚ್ಚಾತೈಲ ಸುರಿಯಿತು. 2001ರಲ್ಲಿ ಅಲ್ಲಿನ ತೀರಗಳಲ್ಲಿ ಸುಮಾರು 9,000 ಗುಂಡಿ ತೋಡಿ ನೋಡಿದರು. ಪರೀಕ್ಷಿಸಿದ ತೀರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನ ಕಡೆ ತೈಲ ಸಿಕ್ಕಿತು. ಚಿಪ್ಪುಜೀವಿಗಳಿಗಾಗಿ ಅದೇ ನೆಲ ಕೆದಕುವ ಕಡಲ ನೀರುನಾಯಿಗಳು ಚೇತರಿಸಿಕೊಳ್ಳಲು ಎರಡು ದಶಕಕ್ಕೂ ಹೆಚ್ಚು ಕಾಲ ಬೇಕಾಯಿತು.

ನಮ್ಮ ಕರಾವಳಿಗೆ ಇದು ದೂರದ ಮಾತಲ್ಲ. 2006ರ ಮೇ ಕೊನೆಯಲ್ಲಿ ಕಾರವಾರದ ಆಯ್‌ಸ್ಟರ್ ರಾಕ್ ಬಳಿ ‘ಓಶನ್ ಸೆರಾಯ’ ಹಡಗು ಸಿಕ್ಕಿಹಾಕಿಕೊಂಡು, ಅದರ ತೈಲ ಕಾರವಾರದ ತೀರಕ್ಕೂ ಗೋವಾದ ದಕ್ಷಿಣ ತೀರಕ್ಕೂ ಬಂದಿತ್ತು. 2025ರ ಮೇ 25ರಂದು ‘ಎಂಎಸ್‌ಸಿ ಎಲ್ಸಾ 3’ ಹಡಗು ಕೊಚ್ಚಿಯಾಚೆ ಮುಳುಗಿತು. ಅಲೆ ಹೊಡೆಯುವ ಮರಳ ತೀರ ತನ್ನನ್ನು ತಾನು ಒಂದಷ್ಟು ತೊಳೆದುಕೊಳ್ಳುತ್ತದೆ. ಕಾಳಿ, ಅಘನಾಶಿನಿ, ಶರಾವತಿಯ ಅಳಿವೆಗಳಿಗೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದ ಹೂಳಿಗೆ ಆ ಭಾಗ್ಯವಿಲ್ಲ. ಅಘನಾಶಿನಿಯಲ್ಲಿ ನೀರಿಳಿದ ಹೊತ್ತಿಗೆ ಜನ ಬಳಚು ಆರಿಸುವುದು ಇಂಥ ಹೂಳಿನಿಂದಲೇ. ಬಳಚು ಹೂಳಿನೊಳಗೆ ಕೂತು ನೀರು ಸೋಸಿ ಬದುಕುವ ಜೀವ. ಅಲ್ಲಿಗೆ ತೈಲ ಸೇರಿದರೆ ಅದು ಬಳಚಿನ ಮೈಯೊಳಗೂ ಸೇರುತ್ತದೆ.

ಆದ್ದರಿಂದ ಮೂರು ಕೆಲಸ ಆಗಲೇಬೇಕು. ಸೋರಿಕೆಯ ಸುದ್ದಿ ಬಂದ ಕೂಡಲೇ ಮೊದಲ ತೇಲುತಡೆ ಬೀಳಬೇಕಾದದ್ದು ಅಳಿವೆ ಬಾಗಿಲಿಗೆ. ಒಳಗೆ ಬಂದ ತೈಲವನ್ನು ಹೊರಹಾಕುವ ಉಪಾಯಗಳು ಬಹಳ ಕಡಿಮೆ. ಜೌಗಿಗೆ ಯಂತ್ರ ಇಳಿಸುವುದು, ಜನರನ್ನು ಓಡಾಡಿಸುವುದು ಬೇಡ; ತುಳಿದಷ್ಟೂ ತೈಲ ಆಳಕ್ಕಿಳಿಯುತ್ತದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಅವೇ ಜಾಗಗಳಲ್ಲಿ ಕೆಸರಿನ ಮಾದರಿ ತೆಗೆದು ಪರೀಕ್ಷಿಸುವ ಕೆಲಸ ಕನಿಷ್ಠ 20 ವರ್ಷ ನಡೆಯಬೇಕು. ಅದರ ವೆಚ್ಚವನ್ನು ಪರಿಹಾರದ ಲೆಕ್ಕದಲ್ಲಿ ಮೊದಲೇ ಸೇರಿಸಬೇಕು, ಫಲಿತಾಂಶವನ್ನು ಆಯಾ ಊರಿನ ಪಂಚಾಯಿತಿಯ ಗೋಡೆಗೆ ಕನ್ನಡದಲ್ಲಿ ಅಂಟಿಸಬೇಕು.

ಈ ಕೆಸರಿನ ಬಳಚು ಮಕ್ಕಳಿಗೆ ಬಡಿಸಬಹುದೇ ಎಂದು ಅಳಿವೆಯ ತಾಯಂದಿರು ಕೇಳಿದರೆ ‘ನೀರು ಸ್ವಚ್ಛವಾಗಿದೆ’ ಎಂಬುದು ಉತ್ತರವಾಗುವುದಿಲ್ಲ. ಅಗೆದು ನೋಡಿ ಹೇಳುವ ತನಕ ಕಡತ ತೆರೆದೇ ಇರಲಿ.